ಬೇಗೂರಿನವರೆಗೆ ಕಪ್ಪೆಯ ಸವಾರಿ

ಹೋದ ವಾರ ಪುಟ್ಟಣ್ಣನ ಟೀ ಅಂಗಡಿಯ ಮುಂದೆ ರಸ್ತೆಗೆ ಅಡ್ಡಲಾಗಿದ್ದ ಹಂಪನ್ನು ರಸ್ತೆ ಕೆಲಸದವರು ಕಿತ್ತುಹಾಕಿದರು. ಬೆಳಿಗ್ಗೆ ಹಳದಿ ಯಂತ್ರ ಬಂತು, ನಾಲ್ಕು ಸಲ ಕೆರೆಯಿತು, ಮುಗಿಯಿತು. ದಾರಿಹೋಕರೆಲ್ಲ ಸದ್ಯ ಸೊಂಟ ಉಳಿಯಿತು ಅಂದರು. ಬೆಂಚಿನ ಮೇಲಿದ್ದ ನಾವು ಮೂವರು ಮಾತ್ರ ಮನೆಯ ಹಸು ಮಾರಿದವರ ಹಾಗೆ ಮಂಕಾಗಿ ಕೂತಿದ್ದೆವು. ಒಂದು ಹಂಪಿಗೆ ಯಾರಾದರೂ ಇಷ್ಟು ಬೇಸರ ಪಡುತ್ತಾರೆಯೇ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ಹೇಳಬೇಕಾದರೆ ನನ್ನ ಒಂದು ತಪ್ಪನ್ನೂ ಹೇಳಬೇಕಾಗುತ್ತದೆ. ನಡುವೆ ಎಲ್ಲಾದರೂ ಅದನ್ನು ನುಂಗಿಕೊಂಡು ಮುಂದಕ್ಕೆ ಹೋದರೆ ನೀವೇ ನನ್ನ ಅಂಗಿ ಹಿಡಿದು ನಿಲ್ಲಿಸಿ.

ನಮ್ಮ ನಂಜನಗೂಡು ದಾಟಿದರೆ ಬೇಗೂರು, ಗುಂಡ್ಲುಪೇಟೆ, ಆಮೇಲೆ ಕಾಡು, ಕಾಡಿನಾಚೆ ಊಟಿ. ಭಾನುವಾರ ಬೆಳಿಗ್ಗೆ ಆಯಿತೆಂದರೆ ಬೆಂಗಳೂರು ಮೈಸೂರಿನ ಸಾಹುಕಾರರು ತಮ್ಮ ದೊಡ್ಡ ದೊಡ್ಡ ಕಾರುಗಳನ್ನು ಬಿಚ್ಚಿಕೊಂಡು ಈ ರಸ್ತೆಯಲ್ಲಿ ಊಟಿಗೆ ಹೋಗುತ್ತಾರೆ. ದೊಡ್ಡ ಕಾರು ಅಂದರೆ ಎತ್ತರದ್ದಲ್ಲ. ಎಷ್ಟು ದುಡ್ಡು ಜಾಸ್ತಿಯೋ ಅಷ್ಟು ನೆಲಕ್ಕೆ ಹತ್ತಿರ. ಹೊಟ್ಟೆ ರಸ್ತೆಗೆ ತಾಗುವುದೊಂದು ಬಾಕಿ. ಬೇರೆ ಕಡೆಯಲ್ಲೆಲ್ಲ ಸುಯ್ ಎಂದು ಹೋಗಿಬಿಡುವ ಆ ಕಾರುಗಳು ಪುಟ್ಟಣ್ಣನ ಹಂಪಿನ ಮುಂದೆ ಬಂದು ನಿಲ್ಲಲೇಬೇಕಿತ್ತು. ನಿಂತು, ಯೋಚನೆ ಮಾಡಿ, ಅಡ್ಡಡ್ಡವಾಗಿ ತಿರುಗಿಸಿಕೊಂಡು, ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಕೆಸರು ದಾಟುವ ಹೆಂಗಸಿನ ಹಾಗೆ ಒಂದೊಂದೇ ಚಕ್ರ ಎತ್ತಿಟ್ಟು ದಾಟುತ್ತಿದ್ದವು. ಅಷ್ಟು ಹೊತ್ತು ಅವು ನಮ್ಮವು. ಮೂತಿ, ಬೆನ್ನು, ಚಕ್ರ, ಒಳಗಿನ ಸೀಟು, ಎಲ್ಲವನ್ನೂ ಕಣ್ಣು ತುಂಬ ನೋಡುತ್ತಿದ್ದೆವು.

ನಾವು ಅಂದರೆ ಮೂವರು. ಟೀ ಅಂಗಡಿಯ ಪುಟ್ಟಣ್ಣ, ಬಾಳೆಹಣ್ಣಿನ ಮಂಡಿಯ ರಾಜಣ್ಣ, ಮತ್ತೆ ನಾನು, ಮಾದೇವ. ನನ್ನದು ಗಾಡಿಗಳ ಸೀಟು ಹೊಲಿಯುವ ಕೆಲಸ. ಆಟೋ, ವ್ಯಾನು, ಬೈಕು, ಸುಗ್ಗಿ ಮುಗಿದ ಮೇಲೆ ಟ್ರ್ಯಾಕ್ಟರು. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಬಿಟ್ಟೆ ಅನ್ನುವುದಕ್ಕಿಂತ, ಸ್ಕೂಲಿಗೂ ನನಗೂ ಒಬ್ಬರ ಮೇಲೊಬ್ಬರಿಗೆ ಆಸೆ ಉಳಿದಿರಲಿಲ್ಲ ಅನ್ನುವುದು ಸರಿ. ಹೀಗಾಗಿ ಆ ಕಾರುಗಳ ಇಂಗ್ಲಿಷ್ ಹೆಸರು ನನ್ನ ನಾಲಿಗೆಯಲ್ಲಿ ಹೊರಳುವುದಿಲ್ಲ. ರಾಜಣ್ಣನ ಮಗಳು ಒಂದು ಸಲ ಕೂರಿಸಿಕೊಂಡು ಹೇಳಿಕೊಟ್ಟಳು. ಸಂಜೆಯ ಹೊತ್ತಿಗೆ ಒಂದೇ ಕಾರಿಗೆ ಮೂವರ ಬಾಯಲ್ಲಿ ಮೂರು ಹೆಸರಾಯಿತು. ಅದಕ್ಕೇ ನಾವೇ ಹೆಸರಿಟ್ಟುಕೊಂಡೆವು. ಮೂತಿಯ ಮೇಲೆ ಕುದುರೆ ಬಿಲ್ಲೆ ಇದ್ದದ್ದು ಕುದುರೆ. ಗೂಳಿ ಬಿಲ್ಲೆ ಇದ್ದದ್ದು ಗೂಳಿ. ಇನ್ನೊಂದರ ದೀಪಗಳು ದುಂಡಗೆ ಮೇಲಕ್ಕೆ ನೋಡುತ್ತಿರುತ್ತವೆ, ಬೆನ್ನು ಇಳಿಜಾರು, ಕೆರೆಯ ದಂಡೆಯಲ್ಲಿ ಈಗ ನೆಗೆಯುತ್ತೇನೆ ಅನ್ನುವ ಹಾಗೆ ಕೂತಿರುತ್ತದೆ. ಅದು ಕಪ್ಪೆ.

ಪುಟ್ಟಣ್ಣ ಗೂಳಿಯ ಪಾರ್ಟಿ. ರಾಜಣ್ಣ ಕುದುರೆ. ನಾನು ಕಪ್ಪೆ. ಮೂವರಲ್ಲಿ ಒಬ್ಬರೂ ಅವುಗಳ ಬಾಗಿಲು ಮುಟ್ಟಿದವರಲ್ಲ. ಹಾಗಂತ ಜಗಳಕ್ಕೆ ಏನೂ ಕಡಿಮೆ ಇರಲಿಲ್ಲ.

“ಗೂಳಿ ಮುಂದೆ ನಿನ್ ಕಪ್ಪೆ ಯಾವ ಲೆಕ್ಕ ಕಣ್ಲಾ ಮಾದೇವ? ಗೂಳಿ ಒಂದ್ ಸಲ ಕೂಗುದ್ರೆ ನನ್ ಅಂಗಡಿ ಗ್ಲಾಸೆಲ್ಲ ನಡುಗ್ತವೆ,” ಅನ್ನುತ್ತಿದ್ದ ಪುಟ್ಟಣ್ಣ.

“ನಡುಗುದ್ರೆ ಟೀ ಚೆಲ್ಲೋಯ್ತದೆ, ಅಷ್ಟೇಯ. ನಿಂಗೇ ನಷ್ಟ.”

“ಲೇ, ಬಣ್ಣ ನೋಡ್ರಲಾ ಬಣ್ಣವ,” ಎಂದು ರಾಜಣ್ಣ ನಡುವೆ ಬರುತ್ತಿದ್ದ. “ಕುದುರೆ ಕೆಂಪು ಅಂದ್ರೆ ಅದು ಕೆಂಪು. ಮಾದೇವನ ಕಪ್ಪೆ ಯಾವಾಗ್ಲೂ ಜ್ವರ ಬಂದು ಎದ್ದಂಗೆ ಕಾಣ್ತದೆ.”

ಕಪ್ಪೆಯ ಎಂಜಿನ್ನು ಹಿಂದಿದೆ ಎಂದು ನಾನು, ಎಲ್ಲಾದರೂ ಉಂಟೇ ಎಂದು ರಾಜಣ್ಣ, ಒಂದು ಮಳೆಗಾಲ ಪೂರ್ತಿ ಇದೊಂದೇ ಮಾತಿನ ಮೇಲೆ ಕಾದಾಡಿದ್ದೇವೆ. ಪುಟ್ಟಣ್ಣ ತೀರ್ಪು ಕೊಡುವುದಿಲ್ಲ. ತೀರ್ಪು ಕೊಟ್ಟರೆ ನಾವು ಎದ್ದು ಹೋಗುತ್ತೇವೆ, ಕೊಡದಿದ್ದರೆ ಇನ್ನೊಂದು ಟೀ ಕುಡಿಯುತ್ತೇವೆ. ಅವನು ವ್ಯಾಪಾರಸ್ಥ.

ಹೀಗಿರುವಾಗ ಒಂದು ದಿನ ರಾಜಣ್ಣ ಮಂಡಿಯಿಂದ ನೇರವಾಗಿ ನನ್ನ ಅಂಗಡಿಗೆ ಬಂದ. ಮುಖದಲ್ಲಿ ಹಬ್ಬ.

“ಮಾದೇವಣ್ಣ, ಸುದ್ದಿ ಗೊತ್ತಾಯ್ತಾ? ನಿನ್ ಕಪ್ಪೆನ ಬಿಚ್ಚಿ ಮತ್ತೆ ಕಟ್ಟವ್ರಂತೆ. ಹೊಸಾ ಮಾಡ್ಲು.”

ಮಗಳ ಫೋನಿನಲ್ಲಿ ವಿಡಿಯೋ ಸಹ ತಂದಿದ್ದ. ಒಳಗೆ ಇದ್ದ ಮುಳ್ಳಿನ ಗಡಿಯಾರಗಳನ್ನು ತೆಗೆದು ಉದ್ದಕ್ಕೆ ಟೀವಿ ಇಟ್ಟಿದ್ದಾರೆ. ಮೊದಲು ತಿರುಗಿಸಿ ಸ್ಟಾರ್ಟ್ ಮಾಡುತ್ತಿದ್ದದ್ದು ಈಗ ಗುಂಡಿ. ದೀಪದ ಒಳಗೆ ನಾಲ್ಕು ಸಣ್ಣ ದೀಪ. ಎಲ್ಲಕ್ಕಿಂತ ಹೆಚ್ಚಾಗಿ, ಪೆಟ್ರೋಲಿನ ಜೊತೆಗೆ ಓಡಿಸುವುದಕ್ಕೆ ಬ್ಯಾಟರಿ. ನನ್ನ ಕೈಯಲ್ಲಿದ್ದ ದಬ್ಬಳ ಹಾಗೇ ನಿಂತಿತು. ಸಂಜೆ ಬೆಂಚಿನಲ್ಲಿ ಇಬ್ಬರೂ ಸೇರಿ ನನ್ನನ್ನು ಹಿಂಡಿದರು.

“ಬ್ಯಾಟರಿ ಆಕುದ್ ಮ್ಯಾಕೆ ಅದು ಕಾರಲ್ಲ ಕಣಪ್ಪ, ಟಾರ್ಚು,” ಅಂದ ಪುಟ್ಟಣ್ಣ.

“ಎಲ್ಲಾ ಕಾರಲ್ಲೂ ಬ್ಯಾಟರಿ ಇರ್ತದೆ ಕಣೋ.”

“ಅದು ಆರ್ನು ಒಡೆಯಕ್ಕೆ. ಇದು ಓಡಕ್ಕೆ. ಯೋಚ್ನೆ ಮಾಡು, ನಾಳೆ ಊಟಿ ಗುಡ್ಡದಲ್ಲಿ ಚಾರ್ಜು ಖಾಲಿ ಆದ್ರೆ ತಳ್ಳೋರ್ಯಾರು? ನೀನು ಓಯ್ತೀಯಾ?”

“ಓಯ್ತೀನಿ,” ಅಂದೆ. ಸಿಟ್ಟಿನಲ್ಲಿ ಅಂದದ್ದಾದರೂ ಅದು ನಿಜ. ಯಾರಾದರೂ ಕರೆದರೆ ನಾನು ಹೋಗುವವನೇ. ನನ್ನ ಕಷ್ಟವೆಲ್ಲ ಇರುವುದು ಅಲ್ಲಿಯೇ.

ಈಗ ನನ್ನ ತಂಗಿಯ ವಿಷಯಕ್ಕೆ ಬರುತ್ತೇನೆ. ಇರುವುದು ಒಬ್ಬಳೇ, ಮಂಜುಳ. ನರಸೀಪುರಕ್ಕೆ ಕೊಟ್ಟಿದ್ದೇವೆ. ಗಂಡ ನಾಗರಾಜು ಮನೆಗಳಿಗೆ ಕರೆಂಟಿನ ವೈರಿಂಗ್ ಮಾಡುತ್ತಾನೆ, ಮಾತು ಕಡಿಮೆ. ಅತ್ತೆ ಚಿಕ್ಕತಾಯಮ್ಮ ಒಳ್ಳೆಯ ಹೆಂಗಸು. ಆದರೆ ನನ್ನ ವಿಷಯದಲ್ಲಿ ಅವರ ಅಭಿಪ್ರಾಯ ಮದುವೆಯ ದಿನವೇ ಗಟ್ಟಿಯಾಗಿತ್ತು. ಧಾರೆಗೆ ಹೆಣ್ಣಿನ ಅಣ್ಣನನ್ನು ಕರೆಯಿರಿ ಎಂದಾಗ ನಾನು ಛತ್ರದ ಹೊರಗೆ, ಗಂಡಿನ ಕಡೆಯವರು ಬಂದಿದ್ದ ಬಸ್ಸಿನೊಳಗೆ ಬಗ್ಗಿಕೊಂಡು ಸೀಟಿನ ಹೊಲಿಗೆ ನೋಡುತ್ತಿದ್ದೆ.

ಇದು ಈಗ ಬಂದ ಚಾಳಿಯಲ್ಲ. ನಾವು ಹುಟ್ಟಿದ್ದು ಹುಲ್ಲಹಳ್ಳಿಯಲ್ಲಿ. ನಾಲೆಯ ಏರಿಯ ಮೇಲೆ ಸೈಕಲ್ ಟಯರು ಉರುಳಿಸಿಕೊಂಡು ನಾನು ಮುಂದೆ, ನನ್ನ ಅಂಗಿಯ ಹಿಂಭಾಗ ಹಿಡಿದುಕೊಂಡು ಮಂಜುಳ ಹಿಂದೆ. ನಾನು ಡ್ರೈವರು, ಅವಳು ಪ್ಯಾಸೆಂಜರು. ಬ್ರೇಕು ಹಾಕಿದಾಗಲೆಲ್ಲ ಅವಳ ಮೂಗು ನನ್ನ ಬೆನ್ನಿಗೆ ಹೊಡೆಯುತ್ತಿತ್ತು. ಒಂದು ಮಧ್ಯಾಹ್ನ ಕಬ್ಬಿನ ಲಾರಿಯೊಂದು ಕೆಸರಿನಲ್ಲಿ ಹೂತುಕೊಂಡಿತೆಂದು ಗಲಾಟೆ ಕೇಳಿಸಿತು. ಅವಳನ್ನು ಹೊಂಗೆ ಮರದ ಕೆಳಗೆ ಕೂರಿಸಿ, ಇಲ್ಲೇ ಇರು ಎಂದು ಓಡಿದೆ. ಕಬ್ಬು ಇಳಿಸಿದರು, ಲಾರಿ ಎಳೆದರು, ಮತ್ತೆ ಕಬ್ಬು ತುಂಬಿದರು. ನಾನು ನೋಡುತ್ತಲೇ ಇದ್ದೆ. ಆಮೇಲೆ ಹಸಿವಾಯಿತು, ಮನೆಗೆ ಹೋಗಿ ಮುದ್ದೆ ಮುರಿಯುತ್ತಿದ್ದಾಗ ಅವ್ವ ಕೇಳಿದಳು, “ಮಂಜಿ ಎಲ್ಲಿ?” ಮರದ ಕೆಳಗೇ ಇದ್ದಳು. ದಾರಿಯಲ್ಲಿ ಹೋಗುವವರು ಎಷ್ಟು ಕರೆದರೂ ಏಳಲಿಲ್ಲವಂತೆ, ಅಣ್ಣ ಬತ್ತಾನೆ ಅಂದಳಂತೆ. ಅತ್ತಿರಲೂ ಇಲ್ಲ. ಅತ್ತಿದ್ದರೆ ನನಗೆ ಚೆನ್ನಾಗಿರುತ್ತಿತ್ತು.

ಅವಳ ಮಗನಿಗೆ ಮೂರು ತುಂಬುವ ಹೊತ್ತಿಗೆ ಮುಡುಕುತೊರೆ ಬೆಟ್ಟದಲ್ಲಿ ಮೊದಲ ಮುಡಿ ತೆಗೆಸುವುದೆಂದು ಗೊತ್ತಾಯಿತು. ನಮ್ಮ ಕಡೆ ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿಕೊಂಡೇ ಮುಡಿ ತೆಗೆಯಬೇಕು. ಹೊಸ ಬಟ್ಟೆ, ಸೊಂಟಕ್ಕೆ ಬೆಳ್ಳಿ ಉಡಿದಾರ, ಎರಡೂ ಮಾವನ ಮನೆಯದು. ಈ ಹುಡುಗನಿಗೆ ಲೋಕದಲ್ಲಿರುವ ಮಾವ ನಾನೊಬ್ಬನೇ.

ಚಿಕ್ಕತಾಯಮ್ಮ ಮೊದಲೇ ಅಂದಿದ್ದರಂತೆ, “ನಿಮ್ಮಣ್ಣನ ನಂಬ್ಕೊಂಡ್ರೆ ಕೆಟ್ಟೊ. ನನ್ ತಮ್ಮನ ಮಗ ಅವನೆ, ಅವನ ತೊಡೆ ಮ್ಯಾಲೆ ಕೂರ್ಸುದ್ರಾಯ್ತು ಬುಡು.” ಮಂಜುಳ ಒಪ್ಪಲಿಲ್ಲ. ಶನಿವಾರ ನನಗೆ ಫೋನು ಮಾಡಿದಳು.

“ಅಣ್ಣ, ಅತ್ತೆ ಮುಂದೆ ನಾನು ಮಾತು ಕೊಟ್ಬುಟ್ಟಿದ್ದೀನಿ. ನೀನು ಬರ್ದೇ ಓದ್ರೆ ಈ ಮನೇಲಿ ನನ್ ತವರಿನ ಹೆಸ್ರು ಎತ್ತಂಗಿಲ್ಲ. ನಾಳೆ ಒಂಬತ್ತಕ್ಕೆ ಬೆಟ್ಟದ್ ತಾವ ಇರು.”

“ಎಂಟೂವರೆಗೇ ಇರ್ತೀನಿ ಬುಡವ್ವ,” ಅಂದೆ. ಅನ್ನುವಾಗ ಸುಳ್ಳು ಹೇಳುತ್ತಿದ್ದೇನೆಂದು ನನಗೂ ಗೊತ್ತಿರಲಿಲ್ಲ.

ನನ್ನ ಹೆಂಡತಿ ಅಡುಗೆಗೆ ಕೈ ಹಾಕಲು ಶನಿವಾರವೇ ನರಸೀಪುರಕ್ಕೆ ಹೋಗಿದ್ದಳು. ಹೋಗುವಾಗ ಬಾಗಿಲಲ್ಲಿ ನಿಂತು, “ಆ ಟೀ ಅಂಗ್ಡಿ ಕಡೆ ಮಾತ್ರ ತಲೆ ಆಕಬ್ಯಾಡಿ,” ಎಂದು ಹೇಳಿದ್ದಳು. ಭಾನುವಾರ ಬೆಳಕು ಹರಿಯುವಾಗಲೇ ಸ್ನಾನ ಮಾಡಿ, ಬಿಳಿ ಅಂಗಿ ಹಾಕಿ, ಬಟ್ಟೆ ಉಡಿದಾರ ಇದ್ದ ಬ್ಯಾಗನ್ನು ಮೊಪೆಡ್ಡಿನ ಮುಂದೆ ಇಟ್ಟುಕೊಂಡು ಹೊರಟೆ. ನರಸೀಪುರದ ರಸ್ತೆ ಒಂದು ಕಡೆ, ಪುಟ್ಟಣ್ಣನ ಅಂಗಡಿ ಇನ್ನೊಂದು ಕಡೆ. ದಾರಿಯಲ್ಲಿ ಸಿಕ್ಕಿತು ಎಂದು ಹೇಳಲು ಆಗುವುದಿಲ್ಲ. ನಾನೇ ತಿರುಗಿಸಿಕೊಂಡು ಹೋದೆ. ಒಂದೇ ಒಂದು ಟೀ ಎಂದುಕೊಂಡೆ. ರಾಜಣ್ಣ ಆಗಲೇ ಬೆಂಚಿನಲ್ಲಿದ್ದ.

ಟೀ ಇನ್ನೂ ಅರ್ಧ ಇತ್ತು. ಪುಟ್ಟಣ್ಣನ ಫೋನು ಬಡಿಯಿತು. ಮೈಸೂರಿನ ಪೆಟ್ರೋಲ್ ಬಂಕಿನಲ್ಲಿ ಕೆಲಸ ಮಾಡುವ ಸಿದ್ದು ಅವನ ನೆಂಟ, ನಮ್ಮ ಗುಪ್ತಚರ. ಯಾವ ಕಾರು ಹೊರಟಿತು ಎಂದು ಮುಂಚೆಯೇ ತಿಳಿಸುವವನು ಅವನು.

ಪುಟ್ಟಣ್ಣ ಫೋನಿಟ್ಟು ನನ್ನ ಮುಖ ನೋಡಿದ. “ಹೊಸಾ ಕಪ್ಪೆ ಅಂತೆ. ಅರಿಶಿನದ ಬಣ್ಣ. ಈಗ ತಾನೇ ಬಂಕ್ ಬುಡ್ತಂತೆ.”

“ನಂಗೆ ಒತ್ತಾಯ್ತದೆ,” ಅಂದೆ. ಅಂದು, ಇನ್ನೊಂದು ಟೀ ಹೇಳಿದೆ.

ಕಪ್ಪೆ ಬಂತು. ಅರಿಶಿನದಲ್ಲಿ ಮಿಂದ ಹಾಗಿತ್ತು. ಹಂಪಿನ ಮುಂದೆ ನಿಂತಿತು. ಅಡ್ಡ ತಿರುಗುತ್ತದೆ ಎಂದು ನಾವು ಕಾದೆವು. ತಿರುಗಲಿಲ್ಲ. ನೀರಿನಿಂದ ಏಳುವ ಎಮ್ಮೆಯ ಹಾಗೆ ಮೆಲ್ಲಗೆ ಮೂತಿಯನ್ನಷ್ಟೇ ಮೇಲಕ್ಕೆ ಎತ್ತಿತು. ನೆಟ್ಟಗೆ ಹಂಪು ಹತ್ತಿ, ನೆಟ್ಟಗೆ ಇಳಿದು, ಮತ್ತೆ ಮೂತಿ ಇಳಿಸಿತು.

“ಇದು ಮೋಸ ಕಣ್ಲಾ,” ಅಂದ ರಾಜಣ್ಣ.

“ಮೋಸ ಅಲ್ಲ, ಬುದ್ಧಿ,” ಅಂದೆ ನಾನು.

ಅಷ್ಟರಲ್ಲಿ ಕಪ್ಪೆ ಪಕ್ಕಕ್ಕೆ ನಿಂತು, ಟೊಪ್ಪಿ ಹಾಕಿದ್ದ ಒಬ್ಬ ದಪ್ಪನೆಯ ವಯಸ್ಸಾದವರು ಕಷ್ಟಪಟ್ಟು ಇಳಿದು ಟೀ ಕೇಳಿದರು. ಮೈಸೂರಿನ ಮಾತು, ಇರುವುದು ಬೆಂಗಳೂರಿನಲ್ಲಂತೆ. ಒಬ್ಬರೇ ಇದ್ದರು. ಪುಟ್ಟಣ್ಣ ಗ್ಲಾಸನ್ನು ಮೂರು ಸಲ ತೊಳೆದ. ರಾಜಣ್ಣ ಎಂಜಿನ್ನು ಎಲ್ಲಿದೆ ಸಾ ಎಂದು ಕೇಳಿ, ಹಿಂದೆ ಎಂಬ ಉತ್ತರ ಪಡೆದು, ಇದ್ದಕ್ಕಿದ್ದಂತೆ ಬಾಳೆಹಣ್ಣಿನ ರೇಟಿನ ವಿಷಯ ಎತ್ತಿದ. ನಾನು ಸೀಟು ನೋಡುತ್ತಿದ್ದೆ. ಹೇಗೆ ಹೇಳಲಿ ನಿಮಗೆ, ಆ ಹೊಲಿಗೆಯನ್ನು. ಒಂದು ಗೇಣು ಬೆರಳಾಡಿಸಿದರೂ ದಾರ ಎಲ್ಲಿ ಮುಗಿದು ಎಲ್ಲಿ ಶುರುವಾಯಿತು ಎಂದು ಸಿಗಲಿಲ್ಲ. ನಾನು ಹೊಲಿದ ಆಟೋ ಸೀಟಿನಲ್ಲಿ ಗಂಟು ಎಲ್ಲಿದೆಯೆಂದು ಕೂತವರ ಪ್ಯಾಂಟಿಗೆ ಗೊತ್ತಾಗುತ್ತದೆ.

“ಕೂತು ನೋಡಿ,” ಅಂದರು ಅವರು.

ಕೂತೆ. ಕೂತ ಮೇಲೆ ಎದ್ದೇಳುವುದು ಹೇಗೆಂದು ತಿಳಿಯಲಿಲ್ಲ. ಅವರು ನಕ್ಕು, “ಹಾಗಿದ್ರೆ ಸ್ವಲ್ಪ ದೂರ ಬನ್ನಿ, ಎಲ್ಲಿ ಬೇಕೋ ಅಲ್ಲಿ ಇಳಿಸ್ತೀನಿ,” ಅಂದರು. ನಾನು ಕೈಯಲ್ಲೇ ಹಿಡಿದುಕೊಂಡು ಬಂದು ಮಡಿಲಲ್ಲಿಟ್ಟುಕೊಂಡಿದ್ದ ಬ್ಯಾಗನ್ನು ತೆಗೆದುಕೊಂಡು ಮುಂದಿನ ಮೂತಿ ಎತ್ತಿ ಅದರೊಳಗೆ ಇಟ್ಟರು. ಎಂಜಿನ್ನು ಹಿಂದಿದ್ದ ಮೇಲೆ ಡಿಕ್ಕಿ ಮುಂದೆ ಇರಬೇಕಲ್ಲ. ನನ್ನ ಒಂದು ಮಳೆಗಾಲದ ವಾದ ಗೆದ್ದ ಖುಷಿಯಲ್ಲಿ ನಾನು ಬ್ಯಾಗನ್ನೂ ಮರೆತೆ, ಒಂಬತ್ತು ಗಂಟೆಯನ್ನೂ ಮರೆತೆ. ರಾಜಣ್ಣ ಹೊಟ್ಟೆಕಿಚ್ಚಿನಲ್ಲಿ ಕೈ ಬೀಸಿದ.

ಮುಂದಿನ ಸ್ಟಾಪಿನಲ್ಲಿ ಇಳಿಯುವುದೆಂದೇ ಇದ್ದೆ. ಆದರೆ “ಇಲ್ಲೇ ಇಳೀತೀನಿ ಸಾ” ಎಂದು ಬಾಯಿ ತೆಗೆಯುವಷ್ಟರಲ್ಲಿ ಆ ಇಲ್ಲೇ ಅನ್ನುವುದು ಹಿಂದೆ ಹೋಗಿರುತ್ತಿತ್ತು. ಹೊಲ, ತೆಂಗು, ಶಾಲೆ, ಕಲ್ಲು ಕಂಬ, ಎಲ್ಲ ಕಣ್ಣಿಗೆ ಬಿದ್ದು ಜಾರಿಹೋಗುತ್ತಿದ್ದವು. ಬೆನ್ನ ಹಿಂದೆ ಎಂಜಿನ್ನು ಹಾಡಿಕೊಳ್ಳುತ್ತಿತ್ತು. ನಿಜ ಹೇಳಬೇಕೆಂದರೆ ನಾನು ಇಳೀತೀನಿ ಅಂದದ್ದೂ ಅಷ್ಟು ಜೋರಾಗಿ ಅನ್ನಲಿಲ್ಲ. ಬೇಗೂರಿನ ಸರ್ಕಲ್ಲಿನಲ್ಲಿ ಅವರೇ ನಿಲ್ಲಿಸಿ, “ಇನ್ನೂ ಮುಂದೆ ಬಂದ್ರೆ ಊಟೀನೇ,” ಅಂದರು. ಇಳಿದೆ. ಕಪ್ಪೆ ಹೋಯಿತು. ಅದರ ಸದ್ದು ಪೂರ್ತಿ ಕರಗುವವರೆಗೆ ರಸ್ತೆಯ ಅಂಚಿನಲ್ಲಿ ನಗುತ್ತಾ ನಿಂತಿದ್ದೆ.

ಆಗ ಜೇಬಿನಲ್ಲಿ ಫೋನು ಬಡಿಯಿತು. ಮಂಜುಳ. ಫೋನಿಗೆ ಒಂದು ಕೈ ಹಾಕಿದೆ, ಇನ್ನೊಂದು ಕೈ ತಾನಾಗಿಯೇ ಬ್ಯಾಗು ಹುಡುಕಿತು. ಬ್ಯಾಗು ಊಟಿಗೆ ಹೋಗಿತ್ತು.

“ಅಣ್ಣ, ಎಲ್ಲಿದ್ದೀಯ?”

“ಬತ್ತಾ ಇದ್ದೀನಿ ಕಣವ್ವ. ಗಾಡಿ ಪಂಚರ್ ಆಗೋಯ್ತು.”

“ಅಯ್ಯೋ ಪಾಪ. ಉಸಾರಾಗಿ ಬಾ. ನಾವ್ ಕಾಯ್ತೀವಿ.”

ಕಪ್ಪೆ ಕ್ಷಣದಲ್ಲಿ ನುಂಗಿದ್ದ ದಾರಿಯನ್ನು ಬಸ್ಸು ಜಗಿದು ಜಗಿದು ವಾಪಸು ಕೊಟ್ಟಿತು. ಪ್ರತಿ ಊರಲ್ಲೂ ನಿಂತಿತು. ಒಂದು ಕಡೆ ಕಂಡಕ್ಟರು ಇಳಿದು ಹೋಗಿ ತಿಂಡಿ ತಿಂದು ಬಂದ. ನಂಜನಗೂಡಿನಲ್ಲಿ ಮೊಪೆಡ್ ಎತ್ತಿಕೊಂಡು, ನರಸೀಪುರ ದಾಟಿ ಮುಡುಕುತೊರೆ ಮುಟ್ಟುವ ಹೊತ್ತಿಗೆ ಬೆಟ್ಟದ ಮೆಟ್ಟಿಲುಗಳು ಕಾದು ಕಾಲು ಸುಡುತ್ತಿದ್ದವು.

ಮುಡಿ ತೆಗೆಯುವವನು ಕತ್ತಿಯನ್ನು ಮಡಿಸಿ ಇಟ್ಟು ಕೂತಿದ್ದ. ಅನ್ನ ಆರಿ ಹೋಗಿತ್ತು. ಚಿಕ್ಕತಾಯಮ್ಮನವರ ತಮ್ಮನ ಮಗ, ಬೇಕಾದರೆ ಸಿದ್ಧ ಅನ್ನುವ ಹಾಗೆ ಪಂಚೆ ಎತ್ತಿ ಕಟ್ಟಿ ಕಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿದ್ದ. ಮಗು ಮಂಜುಳನ ಹೆಗಲ ಮೇಲೆ ನಿದ್ದೆ ಹೋಗಿತ್ತು. ಬೆಳಿಗ್ಗೆ ನೆನೆಸಿದ್ದ ಅದರ ಕೂದಲು ಒಣಗಿ ಮತ್ತೆ ಗುಂಗುರಾಗಿತ್ತು. ನನ್ನನ್ನು ಕಂಡು ಮಂಜುಳ ಅತ್ತೆಯ ಕಡೆ ತಿರುಗಿ, “ನೋಡಿ, ಬಂದ,” ಎಂದಳು. ಅಷ್ಟೇ. ಅವಳ ಮುಖ ಅರಳಿದ್ದನ್ನು ನೋಡಿ ನನಗೆ ಅಲ್ಲೇ ನೆಲ ಬಿರಿಯಬಾರದೇ ಅನ್ನಿಸಿತು.

“ಬಟ್ಟೆ ಎಲ್ಲಪ್ಪ?” ಎಂದರು ಚಿಕ್ಕತಾಯಮ್ಮ.

ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಹೊಲಿಯುವುದು ನನಗೆ ಕಷ್ಟವಾಗಲಿಲ್ಲ, ಕಸುಬೇ ಅದಲ್ಲವೇ. “ಪಂಚರ್ ಆಕ್ಸೋವಾಗ ಯಾರೋ ಬ್ಯಾಗ್ ಎತ್ಕೊಂಡೋಗ್ಬುಟ್ರು,” ಅಂದೆ.

ಮಂಜುಳ ಕಳ್ಳನಿಗೆ ಶಾಪ ಹಾಕತೊಡಗಿದಳು. ಅವನಿಗೆ ಉಂಡ ಅನ್ನ ಮೈಗೆ ಹತ್ತದಿರಲಿ, ಅವನು ಕೂತ ಕಡೆ ನಿಲ್ಲದಿರಲಿ, ನಿಂತ ಕಡೆ ಕೂರದಿರಲಿ. ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು, ಕತ್ತಿ ಆಡುವಾಗ ಅದರ ತಲೆ ಅಲ್ಲಾಡದಂತೆ ಹಿಡಿದುಕೊಂಡು, ಪ್ರತಿಯೊಂದು ಶಾಪವನ್ನೂ ನಾನು ಕೂತಲ್ಲೇ ಪಡೆದುಕೊಂಡೆ. ನನ್ನ ಹೆಂಡತಿ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು. ಮಿಂದ ಮಗುವಿಗೆ ಹೊಸ ಬಟ್ಟೆ ಇಲ್ಲದೆ ನಾಗರಾಜುವಿನ ಟವಲ್ಲು ಸುತ್ತಿದರು. ಆಗ ಮಂಜುಳ ನನ್ನ ಹತ್ತಿರ ಬಂದು ಮೆಲ್ಲಗೆ, “ಬಟ್ಟೆ ಓದ್ರೆ ಓಗ್ಲಿ ಅಣ್ಣ. ನೀನು ಬಂದ್ಯಲ್ಲ,” ಎಂದಳು. ಶಾಪವನ್ನಾದರೂ ತಡೆದುಕೊಂಡಿದ್ದೆ. ಇದನ್ನು ತಡೆಯುವುದು ಕಷ್ಟವಾಯಿತು. ಆಗಲೂ ನಿಜ ಹೇಳಲಿಲ್ಲ. ಎಲ್ಲರ ಮುಂದೆ ಅವಳ ಮಾತು ಗೆದ್ದಿದೆ, ಈಗ ಹೇಳಿ ಕೆಡಿಸುವುದು ಯಾಕೆ ಎಂದುಕೊಂಡೆ. ಹೇಡಿಗಳಿಗೆ ಇಂಥ ಒಳ್ಳೆಯ ಕಾರಣಗಳು ಬೇಗ ಸಿಗುತ್ತವೆ.

ಹೆಂಡತಿ ಊರಿಗೆ ಹೊರಟಳು, ನನ್ನನ್ನು ಮಾತ್ರ ಮಂಜುಳ ಆ ರಾತ್ರಿ ತನ್ನ ಮನೆಯಲ್ಲೇ ಉಳಿಸಿಕೊಂಡಳು. ಸೋಮವಾರ ಮಧ್ಯಾಹ್ನ ಅವರೆಕಾಳಿನ ಸಾರು, ಮುದ್ದೆ. ಮಂಜುಳ ಬಡಿಸುತ್ತಿದ್ದಳು. ಎಲ್ಲೋ ದೂರದಲ್ಲಿ ಬಸ್‌ಸ್ಟ್ಯಾಂಡಿನ ಕಡೆಯಿಂದ ಒಂದು ಸದ್ದು ಕೇಳಿಸಿತು. ಮಿಕ್ಕವರಿಗೆ ಅದು ಬರಿಯ ಗಾಡಿಯ ಸದ್ದು. ನನ್ನ ಕೈಯಲ್ಲಿದ್ದ ಮುದ್ದೆ ಬಾಯಿಗೆ ಹೋಗಲಿಲ್ಲ. ಸದ್ದು ದೊಡ್ಡ ಬೀದಿ ಬಿಟ್ಟಿತು, ನಮ್ಮ ಬೀದಿಗೆ ತಿರುಗಿತು, ಮೆಲ್ಲಗಾಯಿತು, ಮನೆಯ ಮುಂದೆ ನಿಂತಿತು.

ಆಮೇಲೆ ತಿಳಿದದ್ದು ಇಷ್ಟು. ಟೊಪ್ಪಿಯವರು ಊಟಿಯಲ್ಲಿ ಡಿಕ್ಕಿ ತೆಗೆದಾಗ ಬ್ಯಾಗು ಕಂಡಿತು. ವಾಪಸು ಬರುವಾಗ ಪುಟ್ಟಣ್ಣನ ಅಂಗಡಿಯಲ್ಲಿ ನಿಲ್ಲಿಸಿದರು. ಅಲ್ಲಿ ಇಟ್ಟು ಹೋಗಿದ್ದರೆ ಮುಗಿಯುತ್ತಿತ್ತು. ಪುಟ್ಟಣ್ಣ ಉಪಕಾರ ಮಾಡುವ ಮನುಷ್ಯ. “ಮಗೀಗೆ ತಂದಿದ್ ಬಟ್ಟೆ ಸಾ ಅದು. ನರಸೀಪುರದ ಮ್ಯಾಲೇ ಬೆಂಗ್ಳೂರಿಗೆ ದಾರಿ ಅದೆ, ಅವ್ನ್ ತಂಗಿ ಮನೆಗೇ ಕೊಟ್ಬುಡಿ,” ಎಂದು ಬೀದಿಯ ಗುರುತನ್ನೂ ಹೇಳಿ ಕಳಿಸಿದ್ದ.

ಬೀದಿಗೆ ಬೀದಿಯೇ ಕೂಡಿತ್ತು. ಟೊಪ್ಪಿಯವರು ಬ್ಯಾಗನ್ನು ಎತ್ತಿ ಮಂಜುಳನ ಕೈಗೆ ಕೊಟ್ಟು, “ನಿಮ್ಮ ಅಣ್ಣ ಬೇಗೂರಲ್ಲಿ ಇಳಿಯುವಾಗ ಮರೆತುಬಿಟ್ಟರಮ್ಮ. ನನ್ನದೂ ತಪ್ಪು. ಪಾಪ, ಬಹಳ ಖುಷಿಪಟ್ಟರು,” ಎಂದರು.

“ಬೇಗೂರಾ?” ಎಂದರು ಚಿಕ್ಕತಾಯಮ್ಮ. “ಅದು ಊಟಿ ದಾರಿ ಅಲ್ವೇನಪ್ಪ?”

ಮಂಜುಳ ಬ್ಯಾಗು ನೋಡಿದಳು. ಅರಿಶಿನದ ಕಪ್ಪೆಯನ್ನು ನೋಡಿದಳು. ನನ್ನನ್ನು ನೋಡಿದಳು. ಅತ್ತೆಗೆ ಏನೋ ಹೇಳಲು ಬಾಯಿ ತೆಗೆದಳು. ನನಗೆ ಗೊತ್ತಾಯಿತು, ನನ್ನನ್ನು ಉಳಿಸಲು ಅವಳೊಂದು ಸುಳ್ಳು ಹೊಸೆಯುತ್ತಿದ್ದಾಳೆ. ಅದೊಂದನ್ನು ಮಾತ್ರ ನೋಡಿಕೊಂಡು ನಿಲ್ಲಲು ನನ್ನಿಂದ ಆಗಲಿಲ್ಲ.

“ಪಂಚರ್ ಆಗಿರ್ಲಿಲ್ಲ ಅಮ್ಮ,” ಅಂದೆ ಎಂಜಲು ಕೈಯಲ್ಲೇ. “ಕಳ್ಳನೂ ಇಲ್ಲ. ಈ ಕಾರು ನೋಡಕ್ಕೆ ನಿಂತೆ. ಕೂತ್ಕೊಳಿ ಅಂದ್ರು, ಕೂತೆ. ನೀವೆಲ್ಲ ಬೆಟ್ಟದಲ್ಲಿ ಬಿಸ್ಲಲ್ಲಿ ಕಾಯ್ತಿದ್ದಾಗ ನಾನು ಇದ್ರಲ್ಲಿ ಕೂತಿದ್ದೆ. ಅವಳ್ದೇನೂ ತಪ್ಪಿಲ್ಲ.”

ಚಿಕ್ಕತಾಯಮ್ಮ ಸೊಸೆಗೆ, “ನಿನ್ ಮಾತು ಉಳುಸ್ತಾನೆ ಅಂದಲ್ಲವ್ವ,” ಎಂದರು. ಬೈದಿದ್ದರೆ ವಾಸಿಯಿತ್ತು.

ಮಂಜುಳ ಜಗಲಿಯ ಮೇಲೆ ಕೂತು ಬ್ಯಾಗು ಬಿಚ್ಚಿದಳು. ಬೋಳು ತಲೆಯ ಮಗನಿಗೆ ಹೊಸ ಅಂಗಿ ಚಡ್ಡಿ ಹಾಕಿದಳು, ಉಡಿದಾರ ಕಟ್ಟಿದಳು. ಗುಂಡಿಗಳನ್ನು ಒಂದೊಂದಾಗಿ ಹಾಕಿ ಮುಗಿಸಿ, ಮಗುವನ್ನು ಎತ್ತಿಕೊಂಡು ನೆಟ್ಟಗೆ ಟೊಪ್ಪಿಯವರ ಮುಂದೆ ನಿಂತಳು.

“ಸಾರ್, ನಮ್ಮಿಬ್ರನ್ನೂ ಒಂದು ರೌಂಡು ಕರ್ಕೊಂಡೋಯ್ತೀರಾ?”

ಬೀದಿ ಬೆರಗಾಯಿತು. ನಾಗರಾಜು ಎಂದೂ ಮಾತಾಡದವನು, “ಮಂಜು,” ಎಂದ. ಅವಳು ಆಗಲೇ ಬಾಗಿಲ ಹತ್ತಿರ ಇದ್ದಳು. ಕಪ್ಪೆ ಅವಳನ್ನೂ ಮಗುವನ್ನೂ ನುಂಗಿ ಹೊಳೆ ಸಂಗಮದ ಸೇತುವೆಯ ಕಡೆ ಹೊರಟಿತು. ನಾನು ಬೀದಿಯ ನಡುವೆ ಕೈ ತೊಳೆಯದೆ ನಿಂತಿದ್ದೆ. ಬಹಳ ಹೊತ್ತಾಯಿತು. ಸೇತುವೆಯವರೆಗೆ ಹೋಗಿ ಬರಲು ಅಷ್ಟು ಹೊತ್ತು ಬೇಕಿಲ್ಲ ಎಂದು ಕಪ್ಪೆಯ ವೇಗ ಬಲ್ಲ ನನಗೆ ಗೊತ್ತಿತ್ತು. ಸಾರು ಒಣಗಿ ಬೆರಳಿಗೆ ಅಂಟಿತು. ಕಾಯುವುದು ಅಂದರೆ ಏನೆಂದು ನಾಲ್ವತ್ತು ದಾಟಿದ ಮೇಲೆ ಕಲಿತೆ.

ಕಪ್ಪೆ ತಿರುಗಿ ಬಂತು. ಮಂಜುಳ ಇಳಿದಳು. ಜಡೆ ಬಿಚ್ಚಿಹೋಗಿತ್ತು. ಮಗು ಇಳಿಯಲು ಒಲ್ಲೆ ಎಂದು ಸೀಟನ್ನು ಹಿಡಿದುಕೊಂಡು ಕಿರುಚಿತು.

“ಎಂಗಿತ್ತವ್ವ?” ಎಂದರು ಚಿಕ್ಕತಾಯಮ್ಮ, ಕುತೂಹಲ ತಡೆಯಲಾರದೆ.

“ಪರ್ವಾಗಿಲ್ಲ ಅತ್ತೆ,” ಎಂದಳು, ಮುಖ ಬಿಗಿಹಿಡಿದು.

ಟೊಪ್ಪಿಯವರು ಮಜ್ಜಿಗೆ ಕುಡಿದು ಹೊರಟರು. ಬೀದಿ ಕರಗಿತು. ನಾನು ಒಳಗೆ ಹೋಗಿ, ಒಲೆಯ ಹತ್ತಿರ ಬೆನ್ನು ಮಾಡಿ ನಿಂತಿದ್ದ ಅವಳಿಗೆ, “ತಪ್ಪಾಯ್ತು ಕಣವ್ವ ಮಂಜಿ,” ಅಂದೆ. ಅವಳು ತಿರುಗಲಿಲ್ಲ. ಹೆಗಲು ಅಲ್ಲಾಡುತ್ತಿತ್ತು. ಅಳುತ್ತಿದ್ದಾಳೆ ಎಂದು ಹೆದರಿ ಹತ್ತಿರ ಹೋದೆ. ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

“ಅಣ್ಣ, ಅತ್ತೆಗೆ ಕೇಳುಸ್ಬಾರ್ದು,” ಎಂದು ಪಿಸುಗುಟ್ಟಿದಳು. “ನಿನ್ ಜಾಗ್ದಲ್ಲಿ ನಾನಿದ್ದಿದ್ರೆ ಬೇಗೂರಲ್ಲಿ ಇಳೀತಿರ್ಲಿಲ್ಲ.”

ನಾನೂ ನಗುವುದಕ್ಕೆ ಹೊರಟೆ. ಅವಳು ಆಗಲೇ ನಗು ನಿಲ್ಲಿಸಿ ಕೈ ಚಾಚಿದ್ದಳು. “ಮೊಪೆಡ್ ಕೀ ಕೊಡು.”

“ಯಾಕವ್ವ?”

“ನಾಳೆ ಮಂಗಳವಾರ ಬ್ಯಾಡ. ನಾಳಿದ್ದು ಬೆಳಿಗ್ಗೆ ಪಾಪುಗೆ ಕಿವಿ ಚುಚ್ಚುಸ್ಬುಡ್ತೀನಿ. ಅದ್ಕೂ ನಿನ್ ತೊಡೇನೇ ಬೇಕು. ಇನ್ನಾರು ತಿಂಗ್ಳು ಬುಟ್ಟು ಮಾಡವ ಅನ್ಕೊಂಡಿದ್ದೆ. ಈಗ ಕೈಗೆ ಸಿಕ್ಕಿದ್ದೀಯ.”

ಕೀ ಕೊಟ್ಟೆ. ಅದನ್ನು ತಾಳಿ ಸರದ ಪಿನ್ನಿಗೆ ಸಿಕ್ಕಿಸಿಕೊಂಡಳು. ಅಂಗಡಿಯಲ್ಲಿ ಇಬ್ಬರು ಆಟೋದವರು ಸೀಟಿಗೆ ಕಾಯುತ್ತಿದ್ದರು. ಅವರಿಗೆ ಫೋನು ಮಾಡಿ, ಪಂಚರ್ ಎನ್ನದೆ, ತಂಗಿಯ ಮನೆಯಲ್ಲಿ ಹಿಡಿದುಹಾಕಿದ್ದಾರೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ನಂಬಲಿಲ್ಲ.

ಬುಧವಾರ ಅಕ್ಕಸಾಲಿ ಬರುವುದಕ್ಕೆ ಬಹಳ ಮೊದಲೇ ನಾನು ಮಿಂದು ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಚಿಕ್ಕತಾಯಮ್ಮ ಬೀದಿಗೆ ನೀರು ಹಾಕಲು ಬಂದವರು ನಿಂತು ನೋಡಿದರು. ಒಳಗೆ ಹೋಗಿ ಕಾಫಿ ತಂದು ಪಕ್ಕದಲ್ಲಿಟ್ಟು, “ಇನ್ನೂ ಒತ್ತು ಅದೆ ಕಣಪ್ಪ. ಒಸಿ ಕಾಲು ಚಾಚ್ಕೊ, ಜೋಮು ಇಡೀತದೆ,” ಎಂದರು.

ಜೋಮು ಆಗಲೇ ಹಿಡಿದಿತ್ತು. ನಾನು ಕಾಲು ಚಾಚಲಿಲ್ಲ.